ಉಳಿಕೆ ನಿರ್ವಾತ

ಮಾರ್ಚ್ ೩, ಸೋಮವಾರ

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಇಂದು ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಸಮಯ ಸಾಧಿಸಿ, ಸ್ವಂತ ಮನೆಯಲ್ಲಿ ಸ್ವಂತ ಕೈಯಾರೆ ಕಳ್ಳತನ ಮಾಡಿದೆ. ಕದ್ದ ಮಾಲು: ವ್ಯಾಕ್ಯೂಮ್ ಕ್ಲೀನರ್, ಪೈಪ್ ಸಮೇತ. ಬಚ್ಚಿಟ್ಟ ಜಾಗ: ಹಿಂದಿನ ಕೋಣೆ, ಮಿಲ್ಲಿಂಗ್ ಮೆಷೀನಿನ ಮೇಜಿನ ಕೆಳಗೆ. ಕಣ್ಣಾರೆ ಕಂಡ ಸಾಕ್ಷಿ: ಅತ್ತೆ. ಹಜಾರದಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ಗುಡಿಸೋದಕ್ಕಾ, ಅಳಿಯಂದ್ರೇ?"

"ಹೂಂ" ಅಂದೆ.

ಕಳ್ಳತನದ ಜೊತೆ ಸುಳ್ಳು ಹೇಳಿಕೆಯೂ ಸೇರಿತು.

ಅಪರಾಧದ ಹಿನ್ನೆಲೆ ಬರೆದುಕೊಳ್ಳಬೇಕು. ಎಲ್ಲಕ್ಕೂ ಕಾರಣ ಅತ್ತೆಯ ಕೋಣೆಯ ಗಡಿಯಾರ. ಅದರ ಹಿತ್ತಾಳೆ ಮುಖದ ಮೇಲಿನ ಅಂಕಿಗಳನ್ನು ಮಾವನವರು, ಬದುಕಿದ್ದಾಗ, ಕೈಯಲ್ಲೇ ಕೆತ್ತಿದ್ದರು. ಅವರು ಹೋದ ಮೇಲೆ ಅತ್ತೆ ವಾರಕ್ಕೊಮ್ಮೆ ಗಾಜು ತೆಗೆದು ಉಜ್ಜಿ ಹೊಳೆಸುತ್ತಾರೆ. ಪ್ರೀತಿ ಹೆಚ್ಚಾಗಿ ಅಂಕಿಗಳೇ ಸವೆದು, ಹತ್ತಿರದಿಂದ ನೋಡಿದರಷ್ಟೇ ಕಾಣುವ ಗೆರೆಗಳಾದವು. ಈಗ ಅದು ಕನ್ನಡಿ. ಹಾಸಿಗೆಯಿಂದ ನೋಡಿದರೆ ಗಂಟೆ ಎಷ್ಟು ಅಂತ ಕಾಣುವುದಿಲ್ಲ, ತಮ್ಮ ಮುಖ ಕಾಣುತ್ತದೆ. ಅದೇ ಗೆರೆಗಳ ಮೇಲೆ ಮತ್ತೆ ಕೆತ್ತಿಸಬೇಕು, ಅವರ ಕೈ ಬರಹ ಕೆಡಬಾರದು. ಇಷ್ಟೇ ಅವರ ಆಸೆ. ಇದುವರೆಗೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

ನಿನ್ನೆ ಷಡ್ಡಕ ಬಂದಿದ್ದರು. ಹೆಂಡತಿಯ ಅಕ್ಕನ ಗಂಡ, ಕಾರ್ಖಾನೆಯಲ್ಲಿ ಕೆಲಸ. ಮಾತು ಕಮ್ಮಿ, ಸಾಮಾನು ಹೆಚ್ಚು. ಯಾವುದಕ್ಕೂ ಅವರ ಹತ್ತಿರ ಸರಿಯಾದ ಸ್ಪ್ಯಾನರ್ ಇರುತ್ತದೆ.

"ನಮ್ಮಲ್ಲಿ ಕೆತ್ತನೆ ಮಾಡೋರೊಬ್ರಿದಾರೆ. ಮಾಡ್ಕೊಡ್ತಾರೆ. ಆದ್ರೆ ತಿಂಗಳ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗ್ತಾರೆ. ಬೇಗ ಕೊಟ್ಬಿಡಿ."

ಅಷ್ಟೇ ಹೇಳಿದ್ದು. ನನಗೆ ಎಲ್ಲೋ ಚುಚ್ಚಿತು.

"ಯಾಕೆ ಭಾವ, ಮನೇಲೇ ಮೆಷೀನ್ ಇದೆಯಲ್ಲ" ಅಂದೆ.

ಅವರು ಹಿಂದಿನ ಕೋಣೆಯ ಕಡೆ ನೋಡಿ, "ಓ, ಅದು..." ಅಂದರು.

ಆ 'ಅದು' ಎಂಬುದರ ನಂತರದ ಚುಕ್ಕಿಗಳು ಈ ಕಳ್ಳತನದ ನಿಜವಾದ ಪ್ರೇರಣೆ.

ಮಾರ್ಚ್ ೫, ಬುಧವಾರ, ಸಂಜೆ

ಮೆಷೀನ್ ಹೊಲಿಗೆ ಯಂತ್ರದಷ್ಟು. ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದುಕೊಟ್ಟರೆ ಅದೇ ಗೆರೆಯ ಮೇಲೆ ಕಟ್ಟರ್ ಓಡಿಸಿ ಮರವನ್ನೋ ಹಿತ್ತಾಳೆಯನ್ನೋ ಕೆತ್ತುತ್ತದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಿಗೆ ಇದೇಕೆ ಎಂದವರಿಗೆಲ್ಲ 'ಬಂಡವಾಳ ಸರಕು' ಎಂದು ಉತ್ತರಿಸಿದ್ದೇನೆ. ಇದುವರೆಗಿನ ಉತ್ಪಾದನೆ — ಮನೆ ನಂಬರಿನ ಹಲಗೆ ಒಂದು, ಹೊಟ್ಟು ಮೂಟೆಗಟ್ಟಲೆ.

ಸಮಸ್ಯೆ: ತೆಳು ತಗಡು. ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದರೆ ನಡು ಉಬ್ಬುತ್ತದೆ. ಕಟ್ಟರ್ ಆ ಉಬ್ಬಿಗೆ ಸಿಕ್ಕಿ ತಗಡನ್ನು ಹರಿಯುತ್ತದೆ. ಪರಿಹಾರ: ಕೆಳಗಿನಿಂದ ಗಾಳಿ ಎಳೆಯುವುದು. ಹಲಗೆಯೊಂದರ ಮೇಲೆ ಅಡ್ಡಡ್ಡ ಉದ್ದುದ್ದ ಗಾಡಿ, ಅಂದರೆ ಸಣ್ಣ ಕಾಲುವೆ, ತೋಡು, ಸುತ್ತ ರಬ್ಬರ್ ದಾರ ಕೂರಿಸು, ನಡುವೆ ತೂತು ಕೊರೆ, ತೂತಿಗೆ ಕ್ಲೀನರಿನ ಪೈಪ್. ತಗಡು ಇಟ್ಟು ಸ್ವಿಚ್ ಒತ್ತಿದರೆ ಮೇಲಿನ ಗಾಳಿಯೇ ಅದನ್ನು ಹಲಗೆಗೆ ಅದುಮಿ ಹಿಡಿಯುತ್ತದೆ. ಓದಿದಾಗ ಎಷ್ಟು ಸುಲಭ. ಓದಿದಾಗ ಎಲ್ಲವೂ ಸುಲಭ, ಅದಕ್ಕೇ ಮೇಷ್ಟ್ರಾದೆ.

ಎಂಡಿಎಫ್ ಹಲಗೆ ತಂದೆ. ಮೆಷೀನಿನಲ್ಲೇ ಗಾಡಿ ತೋಡಿದೆ. ಚೆಂದ ಬಂತು, ಚದುರಂಗದ ಮಣೆ ಥರ. ಕೋಣೆ ತುಂಬ ಕಂದು ಹಿಟ್ಟು. ಹೆಂಡತಿ ಬಾಗಿಲಲ್ಲಿ ನಿಂತಳು.

"ರೀ, ಕ್ಲೀನರ್ ಎಲ್ಲಿ?"

"ಯಾವ ಕ್ಲೀನರ್?"

"ಮನೇಲಿ ಬೇರೆ ಎಷ್ಟಿವೆ?"

ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕಂಡಿತು. ಎರಡು ಕ್ಷಣ ಅದನ್ನು, ಎರಡು ಕ್ಷಣ ನನ್ನನ್ನು.

"ಧೂಳು ತೆಗೆಯೋ ಮೆಷೀನ್ ಕದ್ದು ಧೂಳು ಮಾಡೋ ಮೆಷೀನಿಗೆ ಹಾಕ್ಕೊಂಡಿದೀರಾ."

"ಅತ್ತೆಗೋಸ್ಕರ ಕಣೇ."

"ಅಮ್ಮನಿಗೋಸ್ಕರಾನಾ, ಭಾವನಿಗೋಸ್ಕರಾನಾ?"

ರಬ್ಬರ್ ದಾರ ಹುಡುಕುವ ನಾಟಕ ಮಾಡಿದೆ. ಭಾನುವಾರದವರೆಗೆ ಎರವಲು ಮಂಜೂರಾಯಿತು. ಷರತ್ತು: ಭಾನುವಾರ ಅಕ್ಕ-ಭಾವ ಊಟಕ್ಕೆ ಬರುತ್ತಾರೆ, ಅಷ್ಟರೊಳಗೆ ಈ ಕೋಣೆ ಕೋಣೆಯ ಥರ ಕಾಣಬೇಕು.

ಮಾರ್ಚ್ ೭, ಶುಕ್ರವಾರ

ಮೊದಲ ಪರೀಕ್ಷೆ. ಗಡಿಯಾರದ ಮುಖಕ್ಕೆ ಬದಲಾಗಿ ಅದೇ ಅಗಲದ ಹಿತ್ತಾಳೆ ತುಂಡು. ಸ್ವಿಚ್ ಒತ್ತಿದೆ. ಆರ್ಭಟ ಜೋರಾಗಿತ್ತು. ತಗಡನ್ನು ಕಿರುಬೆರಳಲ್ಲಿ ತಳ್ಳಿದೆ. ಜಾರಿ ಹೋಯಿತು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ, ನಗುನಗುತ್ತಾ.

ಎಂಡಿಎಫ್ ಎಂದರೆ ಅದುಮಿದ ಮರದ ಹಿಟ್ಟು. ಹಲಗೆ ಮೈಯೆಲ್ಲ ಉಸಿರಾಡುತ್ತದೆ. ನಾನು ಎಳೆದಷ್ಟು ಗಾಳಿ ಅದು ಪಕ್ಕದಿಂದ, ಕೆಳಗಿನಿಂದ ತಂದು ತುಂಬಿಸುತ್ತಿದೆ. ಸರಿ, ವಾರ್ನಿಷ್. ಮೇಲೆ, ಕೆಳಗೆ, ಅಂಚಿಗೆ, ಗಾಡಿಯೊಳಗೆ. ಒಣಗಲು ಬಿಟ್ಟೆ.

ಅತ್ತೆ ಬಂದು ಮೂಗು ಮುಚ್ಚಿಕೊಂಡು ನಿಂತರು. "ಹಿಡೀತಾ?"

"ನಿಮ್ಮ ಮಂಡಿಯಲ್ಲಿ ವಾತ ಇದೆ, ನನ್ನ ಹಲಗೇಲಿ ನಿರ್ವಾತ ಇಲ್ಲ. ಎರಡರಿಂದಲೂ ಗಾಳಿ ಹೋದ್ರೆ ಸಾಕು" ಅಂದೆ.

ನಕ್ಕರು. ಆಮೇಲೆ, ನಗು ಮುಗಿಯುವ ಮುಂಚೆಯೇ — "ಗಡಿಯಾರದಲ್ಲಿ ಆ ನಾಲ್ಕು ಇದೆ ನೋಡಿ, ಸ್ವಲ್ಪ ವಾಲಿದೆ. ಅವರ ಕೈ ಜಾರಿತ್ತು. ಅದನ್ನ ನೆಟ್ಟಗೆ ಮಾಡ್ಬೇಡಿ."

ಮಾರ್ಚ್ ೮, ಶನಿವಾರ, ಮಧ್ಯಾಹ್ನ

ಹಿಡಿಯಿತು. ವಾರ್ನಿಷ್ ಒಣಗಿದ ಮೇಲೆ ತಗಡು ಹಲಗೆಗೆ ಕಚ್ಚಿಕೊಂಡಿತು. ಒಂದು ನಿಮಿಷ ಕೋಣೆಯಲ್ಲಿ ಒಬ್ಬನೇ ನಿಂತು ಗೆದ್ದೆ.

ಆದರೆ ಹಲಗೆ ಸಮವಿರಲಿಲ್ಲ. ವಾರ್ನಿಷ್ ಕುಡಿದು ಒಂದು ಮೂಲೆ ಉಬ್ಬಿತ್ತು. ಕೆತ್ತನೆಯ ಆಳ ಕೂದಲೆಳೆಯಷ್ಟು. ಉಬ್ಬಿದ ಕಡೆ ಆಳವಾಗಿ, ತಗ್ಗಿದ ಕಡೆ ಏನೂ ಇಲ್ಲದೆ ಬರುತ್ತದೆ. ಬುದ್ಧಿವಂತನಿಗೆ ಉಪಾಯ ಹೊಳೆಯಿತು: ಹಲಗೆಯ ಮೇಲ್ಮೈಯನ್ನು ಅದೇ ಮೆಷೀನಿನಲ್ಲಿ ತೆಳ್ಳಗೆ ಹೆರೆದರೆ ಮಟ್ಟಸವಾಗುತ್ತದಲ್ಲ.

ಹೆರೆದೆ. ಮಟ್ಟಸವಾಯಿತು, ನೀರು ನಿಂತ ಹಾಗೆ.

ಹೆರೆದು ಹೋದದ್ದು ಏನು? ವಾರ್ನಿಷ್.

ಹಲಗೆ ಮತ್ತೆ ಬಾಯಿ ತೆರೆದು ಉಸಿರಾಡತೊಡಗಿತು. ರೋಗಿಗೆ ಬ್ಯಾಂಡೇಜ್ ಸುತ್ತಿ, ಬ್ಯಾಂಡೇಜ್ ಸೊಟ್ಟಗಿದೆ ಎಂದು ಚರ್ಮ ಸಮೇತ ಬಿಚ್ಚಿದ ಡಾಕ್ಟರು ನಾನು.

ಸಂಜೆ

ಮತ್ತೆ ವಾರ್ನಿಷ್ ಹಚ್ಚಿದರೆ ಮತ್ತೆ ಉಬ್ಬುತ್ತದೆ. ಪೈಪನ್ನು ಇನ್ನೂ ಬಿಗಿಯಾಗಿ ತುರುಕಿ, ಸಂದುಗೊಂದಿಗೆಲ್ಲ ಮೇಣ ಮೆತ್ತಿ ನೋಡಿದೆ. ಸ್ವಲ್ಪ ಹಿಡಿಯಿತು. ಕ್ಲೀನರಿನಿಂದ ಸುಟ್ಟ ವಾಸನೆ ಬಂತು. ಅದರ ಮೋಟಾರಿಗೆ ತಂಪು ಕೊಡುವುದು ಅದರೊಳಗೆ ಹರಿಯುವ ಗಾಳಿಯೇ. ಗಾಳಿ ನಿಲ್ಲಿಸಿದರೆ ಬೇಯುತ್ತದೆ. ಅಂದರೆ ನನ್ನ ಮೇಜು ಎಷ್ಟು ಚೆನ್ನಾಗಿ ಹಿಡಿಯುತ್ತದೋ ಅಷ್ಟು ಬೇಗ ಹೆಂಡತಿಯ ಕ್ಲೀನರ್ ಸಾಯುತ್ತದೆ.

ಆರಿಸಿದೆ. ಪೈಪ್ ಎಳೆದು ಹಾಕಿದೆ. ಕಿಟಕಿ ತೆರೆದು ವಾಸನೆಯನ್ನು ಟವೆಲಿನಲ್ಲಿ ಬೀಸಿ ಓಡಿಸಿದೆ.

ನಾಳೆ ಊಟಕ್ಕೆ ಬರುತ್ತಾರೆ. 'ಓ, ಅದು...' ಬರುತ್ತದೆ.

ಏನಾದರೂ ಮಾಡಬೇಕು.

ಮಾರ್ಚ್ ೯, ಭಾನುವಾರ

ಜಯ.

ವಿವರವಾಗಿ ಬರೆಯಬೇಕಾದ ದಿನ. ಊಟವಾದ ಮೇಲೆ ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದೆ. ಕೋಣೆ ಚೊಕ್ಕವಾಗಿತ್ತು. ಮೇಜಿನ ಸುತ್ತ ಹಳೆಯ ಬೆಡ್‌ಶೀಟ್ ಇಳಿಬಿಟ್ಟಿದ್ದೆ, ಕ್ಲೀನರಿನ ಸದ್ದು ಕಮ್ಮಿಯಾಗಲಿ ಅಂತ. ಹಲಗೆಯ ಮೇಲೆ ಹಿತ್ತಾಳೆ ತಗಡು ಮೊದಲೇ ಇಟ್ಟು ಸಿದ್ಧ. ಅತ್ತೆಗೆ ಕುರ್ಚಿ.

ಸ್ವಿಚ್ ಒತ್ತಿದೆ. ಮೇಜಿನ ಕೆಳಗಿನಿಂದ ಗುಡುಗು.

"ಎಳೀರಿ ಭಾವ" ಅಂದೆ.

ಷಡ್ಡಕ ಎರಡು ಬೆರಳಲ್ಲಿ ಎಳೆದರು. ಬರಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಉಗುರು ಒತ್ತಿ ಎಳೆದರು. ಬರಲಿಲ್ಲ. ಅಂಗೈ ಊರಿ ಪಕ್ಕಕ್ಕೆ ತಳ್ಳಿದರು, ಮೇಜೇ ಒಂದಿಷ್ಟು ಸರಿಯಿತು, ತಗಡು ಸರಿಯಲಿಲ್ಲ.

"ಪರವಾಗಿಲ್ಲ ಮೇಷ್ಟ್ರೇ" ಅಂದರು. ಆ ಮನುಷ್ಯನ ಬಾಯಲ್ಲಿ ಇದು ಸನ್ಮಾನ, ಶಾಲು, ಹಾರ, ಎಲ್ಲವೂ.

ಹೆಂಡತಿಯ ಅಕ್ಕ ಎಳೆದರು. ಬರಲಿಲ್ಲ. ಹೆಂಡತಿ ಎಳೆಯಲು ಬರಲಿಲ್ಲ, ಬಾಗಿಲಿಗೆ ಒರಗಿ ನೋಡುತ್ತಿದ್ದಳು. ನಾನು ಕೈ ಹಿಂದೆ ಕಟ್ಟಿ ಗಾಳಿಯ ಒತ್ತಡದ ಬಗ್ಗೆ ಒಂದು ಪೀರಿಯಡ್ ಪಾಠ ಮಾಡಿದೆ. ನಮ್ಮೆಲ್ಲರ ತಲೆ ಮೇಲೆ ಎಷ್ಟು ಭಾರದ ಗಾಳಿ ಕೂತಿದೆ, ನಮಗೆ ಗೊತ್ತೇ ಆಗುವುದಿಲ್ಲ ಇತ್ಯಾದಿ.

ಸ್ವಿಚ್ ಆರಿಸಿದೆ. ಸದ್ದು ನಿಂತಿತು. ಅತ್ತೆ ಕುರ್ಚಿಯಿಂದ ಬಗ್ಗಿ ತಾವೂ ಒಂದು ಬೆರಳಿಂದ ಎತ್ತಿ ನೋಡಿದರು.

"ಆಫ್ ಮಾಡಿದ್ರೂ ಬಿಡ್ತಾ ಇಲ್ವಲ್ಲ, ಅಳಿಯಂದ್ರೇ?"

"ಅದಾ... ಅದು ಉಳಿಕೆ ನಿರ್ವಾತ, ಅತ್ತೆ. ಸ್ವಲ್ಪ ಹೊತ್ತು ಇರುತ್ತೆ."

ಷಡ್ಡಕ ತಲೆಯಾಡಿಸಿದರು. "ಹೌದು, ಸೀಲ್ ಚೆನ್ನಾಗಿದ್ರೆ ಇರುತ್ತೆ." ತಗಡು ಎತ್ತಿ ಕೆಳಗಿನ ಗಾಡಿ ನೋಡಬೇಕೆಂದರು. ಕಾಫಿ ಆರುತ್ತದೆ ಎಂದು ಎಲ್ಲರನ್ನೂ ಹೊರಡಿಸಿದೆ.

ಹಜಾರದಲ್ಲಿ ಅವರು ಫೋನ್ ತೆಗೆದು, ನಮ್ಮೆಲ್ಲರ ಎದುರಿಗೇ, ಕೆತ್ತನೆಯವರಿಗೆ ಹೇಳಿದರು: "ಆ ಗಡಿಯಾರದ ಕೆಲಸ ಬೇಡ ಬಿಡಿ. ನಮ್ಮ ಮೇಷ್ಟ್ರು ಮನೇಲೇ ಮಾಡ್ತಿದಾರೆ. ಇಲ್ಲ ಇಲ್ಲ, ಚೆನ್ನಾಗೇ ಮಾಡಿದಾರೆ. ನಾನೇ ಎಳೆದು ನೋಡ್ದೆ."

ಅತ್ತೆ ನನ್ನ ಕಡೆ ನೋಡಿದರು. ತಮ್ಮ ಪಾಲಿನ ಬಿಸ್ಕತ್ತು ನನ್ನ ಸಾಸರಿನಲ್ಲಿಟ್ಟರು.

ಮಾರ್ಚ್ ೧೦, ಸೋಮವಾರ

ಕ್ಲೀನರ್ ವಾಪಸ್ ಕೊಟ್ಟೆ. ಹೆಂಡತಿ ಕೋಣೆ ಗುಡಿಸುತ್ತಾ, "ರೀ, ಮೇಜಿನ ಕೆಳಗೆ ಅಂಗೈಯಗಲ ನೆಲ ಮಾತ್ರ ಫಳಫಳ ಅಂತಿದೆಯಲ್ಲ, ಯಾಕೆ?" ಅಂದಳು.

ಗೊತ್ತಿಲ್ಲ ಅಂದೆ.

ಕಾಲೇಜಿನಲ್ಲಿ ಪೇಪರ್ ತಿದ್ದಿದೆ. ನಕಲು ಹೊಡೆದ ಹುಡುಗನೊಬ್ಬನನ್ನು ಕರೆಸಿ ಬೈಯಬೇಕಿತ್ತು. ಒಂದು ಲೋಟ ನೀರು ಕೊಟ್ಟು ಕಳಿಸಿದೆ.

ಮಾರ್ಚ್ ೧೮, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಅಂದರೆ ಇತ್ತು.

ಅತ್ತೆ ಅವಸರ ಮಾಡುವುದಿಲ್ಲ. ಅದೇ ಕಷ್ಟ. ಬೆಳಿಗ್ಗೆ ನಾನು ಚಪ್ಪಲಿ ಹಾಕುವಾಗ, "ಇವತ್ತು ಕಾಲೇಜಲ್ಲಿ ಕೆಲಸ ಜಾಸ್ತಿನಾ?" ಅನ್ನುತ್ತಾರೆ. ಜಾಸ್ತಿ ಅನ್ನುತ್ತೇನೆ. "ಇರಲಿ, ನಿಧಾನಕ್ಕೆ ಆಗಲಿ" ಅನ್ನುತ್ತಾರೆ. ಇದುವರೆಗೆ ನಾನು ಹೇಳಿದ ನೆಪಗಳು: ಕಟ್ಟರ್ ಮೊಂಡಾಗಿದೆ, ಹೊಸ ಕಟ್ಟರ್ ಬರಬೇಕು, ಹೊಸ ಕಟ್ಟರ್ ಬಂತು ಆದರೆ ಅಳತೆ ಬೇರೆ. ಅರ್ಥಶಾಸ್ತ್ರದಲ್ಲಿ ಇದನ್ನು ಕೃತಕ ಅಭಾವ ಎನ್ನುತ್ತೇವೆ.

ಗಡಿಯಾರವನ್ನು ಅವರು ಉಜ್ಜುವುದು ನಿಲ್ಲಿಸಿದ್ದಾರೆ. "ಇನ್ನು ಸವೆಸೋದು ಬೇಡ, ನೀವು ಕೆತ್ತೋವರೆಗೆ" ಎಂದರು. ಹಿತ್ತಾಳೆ ಮಂಕಾಗಿದೆ. ಈಗ ಗಂಟೆಯೂ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅಂದಳು: "ಭಾವ ಫೋನ್ ಮಾಡಿದ್ರು. ಕಾರ್ಖಾನೇಲೆಲ್ಲ ನಿಮ್ಮದೇ ಮಾತಂತೆ. ಇಬ್ಬರು ನಿಮ್ಮ ಮೇಜು ನೋಡೋಕೆ ಬರ್ತಾರಂತೆ."

ತುತ್ತು ಗಂಟಲಲ್ಲಿ ನಿಂತಿತು. ಅದಕ್ಕೆ ಸೀಲ್ ಚೆನ್ನಾಗಿತ್ತು.

"ಯಾಕ್ರೀ, ಖುಷಿ ಇಲ್ವಾ?"

"ಇದೆ. ಇದು ಖುಷಿಯ ಮುಖ."

"ಹಾಗಾದ್ರೆ ದುಃಖದ್ದು ತೋರಿಸ್ಬೇಡಿ" ಅಂದಳು.

ಮಾರ್ಚ್ ೨೨, ಶನಿವಾರ, ಸಂಜೆ

ಷಡ್ಡಕ ಬಂದರು. ಜೊತೆಗೆ ಸದ್ಯ ಯಾರೂ ಇರಲಿಲ್ಲ. ಬಂದವರೇ ಅತ್ತೆಯ ಕೋಣೆಯಲ್ಲಿ ನೆಲಕ್ಕೆ ಬಟ್ಟೆ ಹಾಸಿ, ಗಡಿಯಾರ ಇಳಿಸಿ, ಮುಳ್ಳು ಬಿಡಿಸಿ, ಹಿತ್ತಾಳೆ ಮುಖ ಬಿಚ್ಚಿದರು. ಮಗುವಿನ ಅಂಗಿ ಬಿಚ್ಚುವಷ್ಟು ಜೋಪಾನ. "ನಿಮಗೆ ಪುರುಸೊತ್ತಿಲ್ಲ ಅಂದ್ರು ಅತ್ತೆ. ಇಷ್ಟಾದ್ರೂ ನಾನು ಮಾಡೋಣ ಅಂತ ಬಂದೆ."

ಮಾವನವರ ಹಳೆಯ ಅಂಗವಸ್ತ್ರದಲ್ಲಿ ಸುತ್ತಿ ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಹಗುರ. ಇಷ್ಟು ಹಗುರ ಅಂತ ಅಂದುಕೊಂಡಿರಲಿಲ್ಲ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹಲಗೆಯ ಮೇಲಿಟ್ಟೆ. ಆಗ ನೋಡಿದೆ.

ಮುಖದ ನಡುವೆ ಮುಳ್ಳಿನ ತೂತು. ಅದರ ಕೆಳಗೆ ಆಚೆಗೊಂದು ಈಚೆಗೊಂದು ಕೀಲಿ ಕೊಡುವ ತೂತು.

ಇಷ್ಟು ದಿನ ನಾನು ಗಾಳಿ ಹಿಡಿಯುವ ಹಲಗೆ ಮಾಡಿದ್ದು, ಗಾಳಿಗೆ ಬಾಗಿಲು ತೆರೆದಿಟ್ಟ ತಗಡಿಗೆ. ಈ ಗಡಿಯಾರವನ್ನು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಅತ್ತೆಗೆ ಮಂಡಿ ನೋವು ಜಾಸ್ತಿಯಾದಾಗ ಕುರ್ಚಿ ಹತ್ತಿ ಕೀಲಿ ಕೊಡುವವನು ನಾನೇ. ಅದೇ ತೂತಿಗೆ, ಇದೇ ಕೈಯಿಂದ. ಅಳತೆ ತೆಗೆದಾಗ ಅಗಲ ತೆಗೆದೆ, ದಪ್ಪ ತೆಗೆದೆ, ತೂತು ಕಾಣಲಿಲ್ಲ. ಗಂಟೆ ನೋಡುವವನಿಗೆ ಗಡಿಯಾರ ಕಾಣುವುದಿಲ್ಲ.

ಹಲಗೆ ಸರಿ ಇದ್ದಿದ್ದರೂ ಇದು ನಿಲ್ಲುತ್ತಿರಲಿಲ್ಲ. ಪ್ರತಿ ತೂತಿನ ಸುತ್ತ ಬೇರೆ ರಬ್ಬರ್ ಬಳೆ ಕೂರಿಸಬೇಕಿತ್ತು. ಹೊಸ ಹಲಗೆ, ಹೊಸ ಗಾಡಿ, ಹೊಸ ಪಂಪು. ತಿಂಗಳ ಕೊನೆಗೆ ಆಗುವ ಮಾತಲ್ಲ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಒಂದು ಕೆಲಸಕ್ಕೆ ಕೈ ಹಾಕಿದೆ. ಅದನ್ನು ಬರೆಯಲಾರೆ. ಡ್ರಾಯರ್ ತೆಗೆದೆ, ಡ್ರಾಯರಿನಲ್ಲಿದ್ದದ್ದನ್ನು ಕೈಗೆ ತೆಗೆದುಕೊಂಡೆ, ಗಡಿಯಾರದ ಮುಖವನ್ನು ಬೋರಲು ಹಾಕಿದೆ.

ಹಿಂದೆ ಅತ್ತೆಯ ದನಿ. "ನಾಲ್ಕು ಮಾತ್ರ ಹಾಗೇ ಇರಲಿ, ಆಯ್ತಾ."

ಎಷ್ಟು ಹೊತ್ತಿನಿಂದ ಬಾಗಿಲಲ್ಲಿದ್ದರೋ. ನನ್ನ ಕೈಯಲ್ಲಿದ್ದದ್ದನ್ನು ನೋಡಿದರೋ ಇಲ್ಲವೋ. ಮಂಡಿ ಹಿಡಿದುಕೊಂಡು ನಿಧಾನವಾಗಿ ವಾಪಸ್ ಹೋದರು.

ಡ್ರಾಯರ್ ಮುಚ್ಚಿದೆ. ಮುಖವನ್ನು ಅಂಗವಸ್ತ್ರದಲ್ಲಿ ಸುತ್ತಿದೆ.

ಮಾರ್ಚ್ ೨೫, ಮಂಗಳವಾರ, ಮಧ್ಯಾಹ್ನ

ಕಾಲೇಜಿಗೆ ರಜೆ ಹಾಕಿದೆ. ಇದನ್ನು ಬರೆದು ಮುಗಿಸದೆ ಫೋನ್ ಮಾಡಲಾರೆ. ಫೋನ್ ಮಾಡದೆ ಅತ್ತೆಯ ಎದುರು ಕೂತು ಊಟ ಮಾಡಲಾರೆ.

ಮಾರ್ಚ್ ಒಂಬತ್ತರಂದು ಇದೇ ಪುಸ್ತಕದಲ್ಲಿ 'ಜಯ' ಎಂದು ಬರೆದಿದ್ದೇನೆ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದೆ. ಷಡ್ಡಕನ ಎದುರು ಸುಳ್ಳು ಹೇಳಿದ್ದಕ್ಕೆ ಅಭಿಮಾನ ಎಂಬ ಕಾರಣವಿದೆ. ಈ ಪುಸ್ತಕಕ್ಕೆ ಹೇಳಿದ್ದಕ್ಕೆ ಏನು ಕಾರಣ? ಬರೆದು ಬರೆದು ನಾನೇ ನಂಬಿಬಿಡಬಹುದು ಎಂಬ ಆಸೆ ಇರಬೇಕು.

ಅಂದು ತಗಡನ್ನು ಹಿಡಿದದ್ದು ಗಾಳಿಯಲ್ಲ. ಡಬಲ್ ಸೈಡ್ ಟೇಪ್. ತಗಡಿನ ಕೆಳಗೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಗೆ. 'ಉಳಿಕೆ ನಿರ್ವಾತ' ಇವತ್ತಿಗೂ ಉಳಿದಿರುತ್ತಿತ್ತು. ಅವರೆಲ್ಲ ಹೋದ ಮೇಲೆ ದೋಸೆ ಮಗುಚುವ ಕೈ ತೂರಿಸಿ ಎಬ್ಬಿಸಿದೆ. ತಗಡು ಎದ್ದಾಗ ಒಣಗಿದ ಎಲೆಯ ಹಾಗೆ ಸುರುಟಿಕೊಂಡಿತ್ತು. ಬೀರುವಿನ ಹಿಂದೆ ಬಿಸಾಕಿದ್ದೇನೆ, ಇನ್ನೂ ಅಲ್ಲೇ ಇದೆ.

ಭಾನುವಾರ ಡ್ರಾಯರಿನಿಂದ ತೆಗೆದದ್ದೂ ಅದೇ ಟೇಪ್. ಸುರುಟಿದ ತಗಡನ್ನು ಕಣ್ಣಾರೆ ಕಂಡವನು, ಮಾವನವರ ಕೈ ಬರಹದ ಬೆನ್ನಿಗೆ ಅದನ್ನು ಅಂಟಿಸಲು ಹೊರಟಿದ್ದೆ. ಸುಳ್ಳು ಬಯಲಾಗದಿರಲಿ ಅಂತ. ಅತ್ತೆ ಆ ಹೊತ್ತಿಗೆ ಬಾರದೆ ಇದ್ದಿದ್ದರೆ ಅಂಟಿಸುತ್ತಿದ್ದೆ.

ಸರಿ. ಫೋನ್.

ಅದೇ ದಿನ, ಸಂಜೆ

ಮಾಡಿದೆ.

"ಭಾವ, ಅವತ್ತು ನೀವು ಎಳೆದ್ರಲ್ಲ, ತಗಡಿನ ಕೆಳಗೆ ಟೇಪ್ ಹಾಕಿದ್ದೆ."

ಆ ಕಡೆಯಿಂದ ಲೇತ್ ಮೆಷೀನಿನ ಸದ್ದು ಮಾತ್ರ. ಬೈಯಲಿ ಅಂತ ಕಾದೆ. ನಗಲಿ ಅಂತಲೂ ಕಾದೆ.

"ಯಾವ ಟೇಪು?"

"ಡಬಲ್ ಸೈಡು."

"ಚೆನ್ನಾಗಿ ಹಿಡಿದಿತ್ತು."

"ಹೂಂ."

"ಗಡಿಯಾರಕ್ಕೆ ಹಚ್ಚಿಲ್ಲ ತಾನೇ?" ಅಂದರು. ದನಿ ಮೊದಲ ಸಲ ಏರಿತ್ತು.

"ಇಲ್ಲ ಭಾವ. ಹಾಗೇ ಸುತ್ತಿಟ್ಟಿದೀನಿ."

"ಕೆತ್ತನೆ ಮಾಡೋ ಆ ಪುಣ್ಯಾತ್ಮ ಶುಕ್ರವಾರದವರೆಗೆ ಇದಾರೆ. ನಾನು ಕೇಳ್ತೀನಿ. ಸಂಜೆ ಬಂದು ತಗೊಂಡು ಹೋಗ್ತೀನಿ. ಬೇಡ ಅಂದಿದ್ದು ನಾನೇ, ಈಗ ಮತ್ತೆ ಕೇಳ್ಬೇಕು, ಇರಲಿ, ಕೇಳ್ತೀನಿ."

ಬಂದರು. ಕೇಳಿಯೂ ಬಂದಿದ್ದರು. ಒಪ್ಪಿದ್ದಾರಂತೆ. ಅತ್ತೆಗೆ ನಾನೇ ಹೇಳಬೇಕಿತ್ತು, ಹೇಳಿದೆ — ನನ್ನ ಮೇಜಿನಿಂದ ಆಗುವುದಿಲ್ಲ, ಅವತ್ತು ತೋರಿಸಿದ್ದು ಮೋಸ ಎಂದು. ಅತ್ತೆ ಎಣ್ಣೆಯ ಬಟ್ಟಲಿನ ಕಡೆ ನೋಡುತ್ತಾ ಕೇಳಿದರು. "ಯಾವುದಾದ್ರೂ ಬೆಳಿಗ್ಗೆ ಹೇಳಿದ್ರೆ ಈ ಮಾತು ಕಾಫಿ ಜೊತೆ ಮುಗೀತಿತ್ತು" ಅಂದರು. ಅಷ್ಟೇ. ಆಮೇಲೆ ಷಡ್ಡಕನ ಕಡೆ ತಿರುಗಿ ವಾಲಿದ ನಾಲ್ಕರ ವಿಷಯ ಹೇಳಿದರು. ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು: 'ನಾಲ್ಕು — ಹಾಗೇ'.

ಗೇಟಿನವರೆಗೆ ಬಿಡಲು ಹೋದೆ. ಸ್ಕೂಟರ್ ಸ್ಟಾರ್ಟ್ ಮಾಡುವ ಮುಂಚೆ ಷಡ್ಡಕ ಕೇಳಿದರು, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ:

"ಅಲ್ಲ ಮೇಷ್ಟ್ರೇ, ಟೇಪ್ ಇತ್ತು, ಒಪ್ದೆ. ಆದ್ರೆ ವ್ಯಾಕ್ಯೂಮೂ ಸ್ವಲ್ಪ ಹಿಡಿದಿತ್ತು ತಾನೇ? ಎರಡೂ ಸೇರಿ?"

ಬೀದಿದೀಪ ಆಗಷ್ಟೇ ಹತ್ತಿತ್ತು. ಅವರ ಮುಖದಲ್ಲಿ ನನಗೊಂದಿಷ್ಟು ಮರ್ಯಾದೆ ಉಳಿಸಿಕೊಡುವ ಇರಾದೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೂಂ ಭಾವ. ಎರಡೂ ಸೇರಿ" ಅಂದೆ.

"ಅದೇ ಅಂದ್ಕೊಂಡೆ" ಎಂದು ಹೊರಟರು. ಸಮಾಧಾನವಾಗಿತ್ತು ಅವರಿಗೆ.

ಒಳಗೆ ಬಂದೆ. ಹೆಂಡತಿ ಪೈಪ್ ಹಿಡಿದು ಹಜಾರ ಕ್ಲೀನ್ ಮಾಡುತ್ತಿದ್ದಳು. ಸ್ವಿಚ್ ಆರಿಸಿ, "ಎಲ್ಲಾ ಹೇಳಿದ್ರಾ?" ಅಂದಳು.

"ಎಲ್ಲಾ" ಅಂದೆ.

ಎಲ್ಲಾ ಅಲ್ಲ. ಅಂದು ಮೋಟಾರ್ ಬೇಯದಿರಲಿ ಅಂತ ಪೈಪನ್ನು ಹಲಗೆಗೆ ಸೇರಿಸಿರಲೇ ಇಲ್ಲ. ಬೆಡ್‌ಶೀಟಿನ ಮರೆಯಲ್ಲಿ ನೆಲದ ಮೇಲೆ ಸುಮ್ಮನೆ ಬಾಯಿ ತೆರೆದು ಬಿದ್ದಿತ್ತು. ನಾನು ಗಾಳಿಯ ಒತ್ತಡದ ಪಾಠ ಮಾಡುತ್ತಿದ್ದಷ್ಟು ಹೊತ್ತೂ ಅದು ಮೇಜಿನ ಕೆಳಗೆ ಗುಡಿಸುತ್ತಿತ್ತು — ಅಂಗೈಯಗಲ, ಫಳಫಳ ಅನ್ನುವ ಹಾಗೆ. ಹೆಂಡತಿ ಅವತ್ತೇ ಕೇಳಿದಳು. ಮತ್ತೆ ಈಗ, ಪೈಪಿನ ಬಾಯಿಯನ್ನು ನೆಲಕ್ಕಿಟ್ಟು, ನನ್ನ ಕಡೆಯೇ ನೋಡುತ್ತಾ ಸ್ವಿಚ್ ಒತ್ತಿದಳು. ಹಜಾರದ ನೆಲದಲ್ಲೂ ಅಂಗೈಯಗಲ ಫಳಫಳ ಅಂದಿತು.